ಕಾಲಿಗೆ ಬುದ್ಧಿ

ಕೂತ್ಕೋ ರಿಸ್ತೀನ್, ಬಲಗಾಲು ನನ್ನ ತೊಡೆಯ ಮೇಲಿಡು.
ಆಲ್ಟಾದ ಅಂಗಡಿಯ ಆ ಹೊಸ ಬೂಟು
ಒಲೆಯ ಹತ್ತಿರ ಬೇಡ, ಅಂಟು ಬಿಡುತ್ತದೆ.
ಬೈಯುತ್ತಿಲ್ಲ ಅದನ್ನು. ಚೆಂದವಿದೆ. ತೂಕವೇ ಇಲ್ಲ.
ಒಳಗೆ ಬ್ಯಾಟರಿ ಬೇರೆ ಇದೆಯಂತೆ, ಕಾಲು ಕಾಯಿಸಲು.
ಸೊನ್ನೆಗಿಂತ ನಲವತ್ತು ಕೆಳಗಿಳಿದಾಗ
ಬ್ಯಾಟರಿಗೂ ಚಳಿಯಾಗುತ್ತದೆ. ಆಗ
ನೀನೇ ಅದನ್ನು ಹೊಟ್ಟೆಗವಚಿ ಕಾಯಿಸಬೇಕು,
ಕಾಯಿಲೆ ಬಿದ್ದ ಕರುವನ್ನು ಹೊತ್ತ ಹಾಗೆ.

ಇದು ಜೊಂಡು. ಹೊಳೆಯಂಚಿನದು.
ಆಗಸ್ಟಿನಲ್ಲಿ, ಸೊಳ್ಳೆ ಮುತ್ತುವ ಹೊತ್ತಿನಲ್ಲಿ
ಕುಡುಗೋಲು ಹಿಡಿದು ಕೊಯ್ದದ್ದು.
ಕಲ್ಲಿನ ಮೇಲೆ ಬಡಿದು, ಬಾಚಿ, ಹೊಸೆದು
ಬಳೆಯ ಹಾಗೆ ಸುತ್ತಿ ತೊಲೆಗೆ ತೂಗುಹಾಕಿದ್ದು.
ಮೂಸಿ ನೋಡು. ಒಳಗಿನ್ನೂ ಬೇಸಿಗೆ ಇದೆ.

ಸಾಕ್ಸು ಬೇಡ. ಬಿಚ್ಚು. ನಾಚಿಕೆ ಯಾಕೆ,
ನೀನು ಹುಟ್ಟಿದ ರಾತ್ರಿ ನಿನ್ನ ಬೆರಳು ಎಣಿಸಿದವಳೇ ನಾನು.
ಹತ್ತೂ ಇದ್ದವು. ಹತ್ತೂ ವಾಪಸು ತರಬೇಕು.

ಹೀಗೆ ಬಿಡಿಸು, ಸಿಕ್ಕುಗೂದಲು ಬಿಡಿಸುವಂತೆ.
ಹಿಮ್ಮಡಿಗೆ ಒಂದು ಹಿಡಿ, ಬೆರಳ ತುದಿಗೆ ಒಂದೂವರೆ.
ಬಿಗಿದರೆ ಕೆಟ್ಟೆ. ಬೆಚ್ಚಗಿಡುವುದು ಹುಲ್ಲಲ್ಲ,
ಹುಲ್ಲಿನ ನಡುವೆ ಸುಮ್ಮನೆ ಕೂತ ಗಾಳಿ.
ಅದಕ್ಕೆ ಜಾಗ ಕೊಡು.
ಈಗ ಈ ತೊಗಲಿನ ಬೂಟು, ಹಿಮಸಾರಂಗದ ಕಾಲಿನದು.
ಅದು ನಡೆದ ಹಿಮವನ್ನೇ ನೀನೂ ನಡೆಯುವುದು.
ಪಟ್ಟಿ ಸುತ್ತು. ಇನ್ನೊಂದು ಸುತ್ತು.
ಬೆರಳಾಡಿಸು. ಆಡುತ್ತವಾ? ಹ್ಞೂಂ.

ಕಾಲಿಗೆ ಬುದ್ಧಿ ಹೇಳುವುದೆಂದರೆ
ಓಡುವುದು ಅಂದುಕೊಂಡಿದ್ದೀಯ, ಎಲ್ಲರ ಹಾಗೆ.
ಈ ಬಯಲಲ್ಲಿ ಓಡಿದವನು ಬೆವರುತ್ತಾನೆ,
ಬೆವರಿದವನು ದಣಿದು ನಿಲ್ಲುತ್ತಾನೆ,
ನಿಂತವನ ಬೆವರು ಅಂಗಿಯೊಳಗೇ ಮಂಜುಗಡ್ಡೆ.
ನನ್ನಣ್ಣ ಓಡಿದ, ಬಿರುಗಾಳಿಗೆ ಹೆದರಿ.
ಗುಡಿಸಲು ಕಣ್ಣಳತೆಯಲ್ಲೇ ಇತ್ತು.
ಅವನ ಎಡಗಾಲಲ್ಲಿ ಮೂರೇ ಬೆರಳು, ನೀನೇ ನೋಡಿದ್ದೀಯ,
ಕೇಳಿದರೆ ಇಂದಿಗೂ ತೋಳ ತಿಂತು ಅನ್ನುತ್ತಾನೆ.

ಚಳಿಯಾಗುವ ಮುಂಚೆ ತೊಡು, ಸೆಕೆಯಾಗುವ ಮುಂಚೆ ಕಳಚು.
ಕೈಗವಸಿನ ದಾರ ಕುತ್ತಿಗೆಗಿರಲಿ, ಮಗುವಿನಂತೆ ಕಂಡರೂ ಸರಿ.
ಬಾಯಾರಿದರೆ ಹಿಮ ತಿನ್ನಬೇಡ,
ಫ್ಲಾಸ್ಕಿನಲ್ಲಿ ಕಾಫಿ ಇದೆ, ತಳದಲ್ಲಿ ಚೀಸಿನ ಚೂರು.
ಮೂಗು ಬೆಳ್ಳಗಾಯಿತಾ ಅಂತ ಜೊತೆಯವರನ್ನು ಕೇಳು;
ಯಾರೂ ಇಲ್ಲವೋ, ಅಂಗೈಯನ್ನೇ ಕೇಳು.
ಸೂರ್ಯ ಬರಲು ಇನ್ನೂ ಹತ್ತು ದಿನ.
ಹನ್ನೊಂದಕ್ಕೆ ನೀಲಿ ಬೆಳಕು, ಎರಡಕ್ಕೆ ಮತ್ತೆ ಕತ್ತಲು,
ಅಷ್ಟರೊಳಗೆ ಬೇಲಿಯ ಗುಡಿಸಲು ಮುಟ್ಟು.
ಮುಟ್ಟಿದ ಕೂಡಲೇ, ಊಟಕ್ಕೂ ಮುಂಚೆ, ಫೋನಿಗೂ ಮುಂಚೆ,
ಹುಲ್ಲು ತೆಗೆ. ನೀನು ನಡೆದಷ್ಟೂ ಒದ್ದೆಯಾಗಿರುತ್ತದೆ.
ಒಲೆಯ ಮೇಲೆ ಹರಡು. ಬೆಳಗ್ಗೆ ಮತ್ತೆ ಬಿಡಿಸು.

ಏನು, ತೊಲೆ ನೋಡುತ್ತೀಯ?
ಹೌದು, ಇದೇ ಕೊನೆಯ ಬಳೆ.
ಇಸ್ಸಾತ್ ಕೊಯ್ದದ್ದು.
ಅಕ್ಟೋಬರಿಗೆ ಅವನಿರಲಿಲ್ಲ.
ಗಂಟು ನೋಡು, ಎಡಗೈಯವನ ಗಂಟು,
ಬಿಚ್ಚಲು ನನಗೆ ಯಾವತ್ತೂ ಕಷ್ಟ.
ಈ ಸಲ ಬೇಗ ಬಿಚ್ಚಿತು.

ಬೇಡ, ವಾಪಸು ಇಡಬೇಡ. ಒಂದು ಎಳೆಯನ್ನೂ.
ಗೋಡೆಗೆ ತೂಗಿ ನಾನು ಕಣ್ಣೊರೆಸಿಕೊಳ್ಳಲಿ ಅಂತ
ಎರಡು ವಾರ ಸೊಳ್ಳೆ ಕೈಲಿ ಕಚ್ಚಿಸಿಕೊಂಡನೇ ಅವನು?
ಕಾಲಿಗೆಂದು ಕೊಯ್ದ. ಕಾಲಿಗೇ ಹೋಗಲಿ.
ಮೂರನೆಯ ದಿನಕ್ಕೋ ನಾಲ್ಕನೆಯದಕ್ಕೋ ಪುಡಿಯಾಗುತ್ತದೆ.
ಆಗ ಹಿಮದ ಮೇಲೆ ಚೆಲ್ಲಿಬಿಡು,
ನಿನ್ನ ಆ ಹೊಸ ಬೂಟು ಹಾಕಿಕೊಂಡು ಬಾ.
ಚೀಲದಲ್ಲೇ ಇರಲಿ ಅದು.
ಬ್ಯಾಟರಿ ಮಾತ್ರ ಹೊಟ್ಟೆಯ ಹತ್ತಿರ.

ಎಡಗಾಲು ಕೊಡು ಈಗ.