ಎಪ್ಪತ್ತೆರಡರಲ್ಲಿ ಒಂದು

ಮೊದಲು ನೆಲ.
ಜಿಲಾನಿ ಹೋಟೆಲಿನ ಹಿಂಬಾಗಿಲಲ್ಲಿ
ಕುದಿದು ಬಿಸಾಡಿದ ಚಹಾಪುಡಿ, ಎರಡು ಡಬ್ಬಿ,
ಮಾಳಿಗೆ ಮೇಲೆ ಹಳೇ ಧೋತರ ಹಾಸಿ ಹರವಿದೆ.
ರಾಯಚೂರಿನ ಮೇ ತಿಂಗಳು, ಒಂದು ಮಧ್ಯಾಹ್ನ ಸಾಕು:
ಎರೆಭೂಮಿ ತಯಾರು.
"ನಮ್ಮ ಚಹಾ ಯಾರ ಕಡೆ ಹಾಕೀರಿ ಸರ?" ಕೇಳಿದ ಜಿಲಾನಿ.
ಯಾರ ಕಡೆಗೂ ಇಲ್ಲಪ್ಪ,
ಎರಡೂ ಕಡೆಯವರು ಅದರ ಮ್ಯಾಲೇ ಬೀಳ್ತಾರ.

ಭತ್ತದ ಹೊಟ್ಟು ಬಂದೇನವಾಜನದು.
ರೈಸ್ ಮಿಲ್ಲಿನಲ್ಲಿ ಹಮಾಲರ ಲೆಕ್ಕ ಬರೆಯುವವನು,
ಪ್ರತಿ ಭಾನುವಾರ ನನ್ನ ಶತ್ರು.

ಹುಲ್ಲಿಗೆ ಸವೆದ ಬ್ರಷ್ಷಿನ ಕೂದಲು.
ತೋಪಿನ ನಳಿಗೆಗೆ ಖಾಲಿ ರೀಫಿಲ್ಲು, ಗಾಲಿಗೆ ಅಂಗಿಯ ಗುಂಡಿ.
ಜಾಲಿಮರಕ್ಕೆ ಹೀರೇಕಾಯಿ ನಾರು;
ಅದು ಹುಲಿಗೆಮ್ಮ ಬೆನ್ನುಜ್ಜಲು ಇಟ್ಟುಕೊಂಡದ್ದು,
ಕೇಳದೆ ಕತ್ತರಿಸಿದ್ದಕ್ಕೆ ಎರಡು ದಿನ ಮಾತಿಲ್ಲ.
ಬಂಡೆಗೆ ಮಾತ್ರ ಬಂಡೆಯೇ ಆಗಬೇಕು.
ಕೋಟೆ ಗುಡ್ಡದ ಬುಡದಲ್ಲಿ ಹೆಕ್ಕಿದ ಉಗುರಿನಷ್ಟು ಚೂರಿನಲ್ಲೂ
ಇಡೀ ಗುಡ್ಡದ ಗತ್ತು ಹಾಗೇ ಇರುತ್ತದೆ.
ಮನುಷ್ಯ ಹಾಗಲ್ಲ.
ಹೆಬ್ಬೆರಳಿನ ಗೆಣ್ಣಿನಷ್ಟಕ್ಕೆ ಕುಗ್ಗಿಸಿದರೆ
ಮೊದಲು ಮುಖ ಹೋಗುತ್ತದೆ,
ಆಮೇಲೆ ಬೆರಳು,
ಕೊನೆಗೆ ಉಳಿಯುವುದು
ಯಾವ ಕಡೆಯವನು ಅನ್ನುವ ಬಣ್ಣ.

ಗೋಡೆ ಥರ್ಮಕೋಲು, ಫ್ರಿಜ್ಜಿನ ಜೊತೆ ಬಂದದ್ದು.
ಕಾಟಿ ದರವಾಜದ ಮುಂದೆ ಸೈಕಲ್ ನಿಲ್ಲಿಸಿ
ಕಲ್ಲ ಮೇಲೆ ಕಲ್ಲು ಕೂತ ರೀತಿಯನ್ನು
ಬಸ್ ಟಿಕೇಟಿನ ಹಿಂದೆ ಬರೆದುಕೊಂಡು ಬಂದು
ಪೆನ್ಸಿಲಿನಿಂದ ಒತ್ತಿ ಒತ್ತಿ ಗೆರೆ ಎಳೆದೆ.
ಕಟ್ಟಿದ್ದಾಯಿತು. ಈಗ ಒಡೆಯಬೇಕು.
ನಮಗೆ ಬೇಕಾದದ್ದು ಮುತ್ತಿಗೆಯ ಕೊನೇ ದಿನದ ಗೋಡೆ,
ಕುದುರೆ ನುಗ್ಗುವಷ್ಟು ಬಾಯಿಬಿಟ್ಟದ್ದು.
ಬ್ಲೇಡಿನಿಂದ ಕೊರೆದೆ: ಕಿಟಕಿಯಾಯಿತು.
ಕೈಯಿಂದ ಮುರಿದೆ: ಕಚ್ಚಿಟ್ಟ ಬಿಸ್ಕತ್ತಾಯಿತು.
ಕಡ್ಡಿ ಗೀರಿ ಸುಟ್ಟೆ: ಮನೆಯೆಲ್ಲ ನಾತ, ಹುಲಿಗೆಮ್ಮ, ಮತ್ತೆ ಎರಡು ದಿನ.
ಹೇಗೆ ಒಡೆದರೂ
ಒಡೆದದ್ದರಲ್ಲಿ ನನ್ನ ಕೈ ಕಾಣುತ್ತಿತ್ತು.

ಬೇಸತ್ತು, ಬಣ್ಣವಾದರೂ ಹಚ್ಚೋಣವೆಂದು
ಗ್ಯಾರೇಜಿನ ಮೌಲಾಲಿಯಿಂದ ಸ್ಪ್ರೇ ಡಬ್ಬಿ ತಂದು ಒತ್ತಿದೆ.
ಬುರುಜು ಮೊದಲು ಬೆವರಿತು.
ಆಮೇಲೆ ಒಳಗೊಳಗೇ, ಚಹಾದಲ್ಲಿ ಅದ್ದಿದ ಬೆಲ್ಲದ ಹಾಗೆ,
ಮೂಲೆ ಬಿಟ್ಟಿತು, ಅಂಚು ಬಿಟ್ಟಿತು,
ಸದ್ದಿಲ್ಲದೆ ಕುಸಿಯಿತು.
ಬಣ್ಣವೇ ಥರ್ಮಕೋಲು ತಿನ್ನುತ್ತದೆಂದು
ಮೌಲಾಲಿಗೂ ಗೊತ್ತಿರಲಿಲ್ಲ.

ಬಂದೇನವಾಜ ಬಂದವನು ಬಗ್ಗಿ ನೋಡಿದ, ಬಹಳ ಹೊತ್ತು.
"ಮುಟ್ಟಬ್ಯಾಡ. ಹಿಂಗ ಇರ್ತದ ಅದು."
ಅದು ಅಂದರೆ ಯಾವುದು, ಎಲ್ಲಿ ನೋಡಿದ್ದ,
ನಾನು ಕೇಳಲಿಲ್ಲ.
ಅವನು ಚೀಲದ ಬಾಯಿ ಬಿಚ್ಚಿ
ಕುಸಿದ ಬುಡಕ್ಕೆ ಒಂದು ಹಿಡಿ ಹೊಟ್ಟು ಚೆಲ್ಲಿದ.

ಜಿನ್ನಿಂಗ್ ಮಿಲ್ಲಿನ ತಂತಿಬೇಲಿಗೆ ಸಿಕ್ಕಿದ್ದ ಹತ್ತಿಯನ್ನು
ಹಿಂಜಿ ಹಿಂಜಿ ಹೊಗೆ ಮಾಡುತ್ತಿದ್ದಾಗ
ಒಣಗಿದ ಬಟ್ಟೆ ತೆಗೆಯಲು ಮೇಲೆ ಬಂದ ಹುಲಿಗೆಮ್ಮ
ತೋಳ ಮೇಲೆ ಸೀರೆಗಳ ಸಮೇತ ನಿಂತಳು.
"ಇಷ್ಟು ಕುದುರಿ, ಇಷ್ಟು ಮಂದಿ.
ನೀರು ಎಲ್ಲಿ ಕುಡೀತಾರ?"

ಬಾವಿಯಲ್ಲೇ ಈಜು ಕಲಿತವರು ನಾವಿಬ್ಬರೂ.
ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅವಳು ಕೆಳಗಿಳಿದು, ಜೋಡಿ ತಪ್ಪಿದ ಹಸಿರು ಬಳೆಯೊಂದನ್ನು ತಂದು
ಎರಡು ದಂಡಿನ ನಡುವೆ, ಎರೆಯಲ್ಲಿ ಒತ್ತಿ,
ಒಳಗೆ ಇಷ್ಟು ಫೆವಿಕಾಲ್ ಸುರಿದು ಹೋದಳು.
ಒಣಗಿದ ಮೇಲೆ ಅದು
ತಳ ಕಾಣುವ ನೀರಿನ ಹಾಗೆಯೇ ಇತ್ತು.

ಭಾನುವಾರ ದಾಳ ಉರುಳಿತು. ಆರು.
ಬಂದೇನವಾಜನ ಸವಾರರು ಆರು ಬೆರಳು ಮುಂದೆ ಬರಬೇಕು,
ಬಾಯಿಬಿಟ್ಟ ಗೋಡೆಗೆ ಅಷ್ಟೇ ದೂರ.
ಮೂರು ಬೆರಳಿಗೆ ಬಾವಿ. ಅಲ್ಲೇ ನಿಲ್ಲಿಸಿಬಿಟ್ಟ.
"ಹಂಗ ನಿಲ್ಲೋದು ನಿಯಮದಾಗ ಇಲ್ಲ," ಅಂದೆ.
"ಹೌದಾ? ಕುದುರಿಗೆ ನೀನ ಹೇಳು," ಅಂದ.

ಬಿಸಿಲಿನ್ನೂ ಇಳಿದಿರಲಿಲ್ಲ.
ಜಿಲಾನಿಯ ಹುಡುಗ ಎರಡು ಕಪ್ಪು ತಂದಿಟ್ಟು
ರಣರಂಗದ ಮೇಲೆ ಬಗ್ಗಿ ಮೂಗು ಅರಳಿಸಿದ.
"ಇಲ್ಲೂ ನಮ್ಮದೇ ವಾಸನಿ ಬರ್ತದಲ್ರೀ."