ಕೋಂ

ಹಳೆಯ ಪಿಂಚಣಿ ಕಾರ್ಡಿನಲ್ಲಿ
ಇವರ ಹೆಸರಿನ ಕೆಳಗೆ, ನೀಲಿ ಶಾಯಿಯಲ್ಲಿ,
ಪೋಸ್ಟ್‌ಮ್ಯಾನ್ ದುಡ್ಡು ಎಣಿಸಿ ಕೊಡಬೇಕಾದ ಕೈ ಯಾರದೆಂದು ಬರೆದಿತ್ತು:
ಗೌರಾಂಬ ಕೋಂ ಕೇಶವಾಚಾರಿ.
ಆ ‘ಕೋಂ’ ಪಕ್ಕದ ಸೊನ್ನೆ ಬಳೆಯಷ್ಟು ದುಂಡಗಿತ್ತು,
ಬರೆದ ಗುಮಾಸ್ತರಿಗೆ ಅವತ್ತು ಅವಸರವಿರಲಿಲ್ಲವೇನೋ.

ಈಗ ಹಳೆಯದು ನಿಲ್ಲುತ್ತದಂತೆ,
ಹೊಸದು ಶುರುವಾಗುತ್ತದಂತೆ.
ನಡುವೆ ಎಷ್ಟು ದಿನ ಎಂದು ಕೇಳಿದರೆ
ತಾಲ್ಲೂಕು ಕಚೇರಿಯ ಹುಡುಗ ಸಿಸ್ಟಂ ಕಡೆ ನೋಡಿದ.
ಸಿಸ್ಟಂ ಅವನ ಕಡೆ ನೋಡಿತು.
ಫೆಬ್ರವರಿ ಹೋಯಿತು, ಮಾರ್ಚೂ ಹೋಯಿತು.
ಅಂಗಡಿ ಜಬೀನಾ ಸಾಲದ ಪುಸ್ತಕದಲ್ಲಿ ನಮ್ಮದಕ್ಕೆ
ಇನ್ನೊಂದು ಹಾಳೆ ತಿರುವಿದಳು,
ಏನೂ ಅನ್ನಲಿಲ್ಲ;
ಅಂದಿದ್ದರೆ ಚೆನ್ನಾಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಮತ್ತೆ ಅಳೆಸಬೇಕಿತ್ತು.
ಸೆಂಟ್ರಿಂಗ್ ಹಲಗೆಯಿಂದ ಬಿದ್ದು ಹನ್ನೊಂದು ವರ್ಷ,
ಸೊಂಟದಿಂದ ಕೆಳಗೆ ಅವತ್ತಿನಿಂದ ಸುದ್ದಿಯಿಲ್ಲ,
ಆದರೂ ಹೊಸದಕ್ಕೆ ಹೊಸ ಶೇಕಡಾ ಬೇಕು.
ಆಟೋಗೆ ನೂರಿಪ್ಪತ್ತು, ಎತ್ತಿ ಇಳಿಸಿದ್ದಕ್ಕೆ ಡ್ರೈವರಿಗೆ ಟೀ.
ಡಾಕ್ಟರು ರಬ್ಬರ್ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು,
ಬಾಗಿಲು ತಟ್ಟಿದ ಹಾಗೆ.
ಯಾರೂ ಬರಲಿಲ್ಲ.
ಇವರು ಸುತ್ತಿಗೆಯನ್ನೇ ನೋಡುತ್ತಿದ್ದರು.
“ತಲೆ ಸಡಿಲ ಆಗಿದೆ ಸಾರ್, ಒಂದು ಬೆಣೆ ಹೊಡೀಬೇಕು.”
ಡಾಕ್ಟರು ಬರೆದರು: ಎಂಬತ್ತು.
ಉಳಿದ ಇಪ್ಪತ್ತು
ಬಿ.ಎಂ. ರಸ್ತೆಯ ಒಂದೊಂದು ಗುಂಡಿಗೂ
ಬೈಯುತ್ತಾ ನನ್ನ ಜೊತೆ ಮನೆಗೆ ಬಂತು.

ಸೈಬರ್ ಅಂಗಡಿಯಲ್ಲಿ ಮೂರನೇ ಪುಟ.
ನನ್ನ ಹೆಸರಿನ ಮುಂದೆ ‘ಸಂಬಂಧ’ ಅಂತ ಒಂದು ಮನೆ,
ಹುಡುಗ ಬಾಣ ಒತ್ತಿದ, ಪಟ್ಟಿ ಕೆಳಗಿಳಿಯಿತು,
ಅವನ ಬೆರಳು ‘ಆರೈಕೆದಾರರು’ ಮೇಲೆ ನಿಂತಿತು.
“ಹೆಂಡ್ತಿ ಅಂತ ಇಲ್ವೇನಪ್ಪ?”
“ಇದೆ ಅಮ್ಮ. ಹಾಕಿದ್ರೆ ನಿಮ್ಮ ದುಡಿಮೆನೂ ಸೇರಿಸ್ತಾರೆ.
ಸೇರಿಸಿದ್ರೆ ಅವರದ್ದು ಕಮ್ಮಿ ಆಗುತ್ತೆ.
ಯಾವುದಾದ್ರೂ ಒಂದು ಹೇಳಿ, ಹಿಂದೆ ಜನ ಇದಾರೆ.”

ನನ್ನ ದುಡಿಮೆ!
ಮಾರ್ಕೆಟ್ ಯಾರ್ಡಿನಲ್ಲಿ ಗೋಣಿ ಹಾಸಿ ಕೂತು
ಬಿತ್ತನೆ ಆಲೂಗಡ್ಡೆ ಹೆಚ್ಚುವುದು, ಮೂಟೆಗಿಷ್ಟು ಅಂತ.
ಒಂದೊಂದು ಹೋಳಿಗೂ ಒಂದು ಕಣ್ಣಾದರೂ ಇರಬೇಕು,
ಕಣ್ಣಿಲ್ಲದ್ದು ಸಾರಿಗೆ, ಮಣ್ಣಿಗಲ್ಲ.
ಚಾಕು ಒತ್ತಿ ಒತ್ತಿ ಹೆಬ್ಬೆಟ್ಟಿನ ಗೆರೆ ಸವೆದಿದೆ,
ಯಂತ್ರ ಮೂರು ಸಲ ಕೆಂಪಾಗಿ
ನಾನು ನಾನಲ್ಲ ಅಂದಿತು.
“ಕಣ್ಣು ತೋರಿಸಿ ಅಮ್ಮ.”
ತೋರಿಸಿದೆ. ಹಸಿರು ಬಂತು.
ಕಣ್ಣಿತ್ತಲ್ಲ, ಹೇಗೋ ಚಿಗುರುತ್ತೆ ಅಂದುಕೊಂಡೆ,
ಹಾಗೆ ಅಂದುಕೊಂಡೇ ಹೇಳಿಬಿಟ್ಟೆ:
“ಆಯ್ತು, ಅದನ್ನೇ ಹಾಕು.”

ರಾತ್ರಿ ಬೆನ್ನು ಒರೆಸುವಾಗ ಹೇಳಿದೆ,
ನಾನಿನ್ನು ನಿಮಗೆ ಆರೈಕೆದಾರಳಂತೆ.
ಸುಮಾರು ಹೊತ್ತು ಮಾತಿಲ್ಲ.
ಆಮೇಲೆ, ಗೋಡೆ ಕಡೆ ಮುಖ ಇಟ್ಟುಕೊಂಡೇ,
“ಹಂಗಾದ್ರೆ ಭಾನುವಾರ ರಜೆ ಕೊಡಬೇಕಲ್ಲೇ ನಿಂಗೆ.”
ನಕ್ಕೆವು.
ನಗು ಮುಗಿದ ಮೇಲೆ ಏನು ಮಾಡಬೇಕೋ
ಇಬ್ಬರಿಗೂ ತಿಳಿಯಲಿಲ್ಲ.

ಮಂಚದ ಕಾಲೊಂದು ಗಿಡ್ಡ,
ಇವರ ಮಗ್ಗುಲು ಬದಲಿಸಿದಾಗಲೆಲ್ಲ ಕಟಕಟ.
ಹಳೆ ಕಾರ್ಡು ಬಿಸಾಕಿ ಅಂದಿದ್ದನಲ್ಲ ಹುಡುಗ,
ಅದನ್ನು ಇಸಿದುಕೊಂಡರು.
ಉಗುರಿನಿಂದ ಗೆರೆ ಗೀರಿ, ಅಂಚಿಗೆ ಅಂಚು ಕೂರಿಸಿ,
ಎರಡು ಮಡಿಕೆ, ನಾಲ್ಕು ಮಡಿಕೆ,
ನೀಲಿ ಅಕ್ಷರ ಒಳಗೆ ಬರುವ ಹಾಗೆ ಮಡಿಸಿ ಕೊಟ್ಟರು.
“ಎಡಗಡೆ ಕಾಲಿಗೆ ಇಡು. ಇನ್ನೂ ಒಳಕ್ಕೆ. ಹ್ಞಾಂ, ಸಾಕು.”
ನೆಲದ ಮೇಲೆ ಕೂತು ಮಂಚ ಹಿಡಿದು ಜಗ್ಗಿ ನೋಡಿದೆ.
ಅಲ್ಲಾಡಲಿಲ್ಲ.

ಕತ್ತಲಲ್ಲಿ ಫೋನು ಗುಂಯ್ ಅಂದಿತು.
ದುಡ್ಡಲ್ಲ, ನಾಳೆಗೆ ರೀಚಾರ್ಜ್ ಮುಗಿಯುತ್ತದೆಂಬ ನೆನಪು.
ಐದಕ್ಕೆ ಏಳಬೇಕು,
ಯಾರ್ಡಿಗೆ ಲೋಡು ಬಂದಿದೆಯಂತೆ.