ಒಂದು ಇಳಿ

ವಿಳಾಸ: ಹೊನ್ನೇಕವಲು, ಅರಸೀಕೆರೆ ತಾಲ್ಲೂಕು
ಎಂದಿತ್ತು ಕಫದ ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ.
ಕಾವಲು ಆಗಬೇಕಿತ್ತು.
ಕೌಂಟರಿನ ಹುಡುಗ ಒಂದು ಇಳಿ ನುಂಗಿದ್ದ.
ಕ ಇಳಿ ಕಾ ಎಂದು ಬಾಯಲ್ಲೇ ಅಂದುಕೊಂಡು ಪೆನ್ನಿನಲ್ಲಿ ತಿದ್ದಿದೆ.
ಲ್ಯಾಬಿನಲ್ಲಿ ತಿದ್ದಲಿಕ್ಕೆ ಸಿಗುವುದು ಇಂಥವೇ.

ಹೆಸರು ಮರುಳಪ್ಪ, ನಲವತ್ತೊಂದು.
ಮಂಡಿಯಲ್ಲಿ ಕೊಬ್ಬರಿ ತೂಗುವ ಕೆಲಸ.
ಹನ್ನೊಂದು ತಿಂಗಳ ಹಿಂದೆ ಮೈಸೂರಿನಲ್ಲಿ
ಅಕ್ಕನ ಕಿಡ್ನಿಯನ್ನು ಅವನ ಕಿಬ್ಬೊಟ್ಟೆಯ ಬಲಕ್ಕೆ ಹೊಲಿದಿದ್ದಾರೆ.
ಈಗ ಮೂರು ವಾರದಿಂದ ಇಳಿಯದ ಜ್ವರ,
ಕೆಮ್ಮಿನಲ್ಲಿ ಕೆಂಪು ಎಳೆ.

ಮೂರನೆಯ ದಿನ ತಟ್ಟೆ ತೆಗೆದರೆ
ಹೊಗೆ ಹಿಡಿದ ಹಸಿರು, ಅಂಚಿಗೆ ಬಿಳಿ ಕಸೂತಿ.
ಚೆಂದ ಅನ್ನಿಸಿಬಿಟ್ಟಿತು.
ಅನ್ನಿಸಿದ್ದಕ್ಕೆ ಕೆನ್ನೆ ತಟ್ಟಿಕೊಳ್ಳಲು ಹೋಗಿ
ಕೈಯಲ್ಲಿ ಗವಸಿದೆ ಎಂದು ನಿಂತೆ.

ನೀಲಿ ಹನಿಯ ಕೆಳಗೆ
ಎಳೆ, ಎಳೆಯಿಂದ ಎಳೆ,
ನಲವತ್ತೈದು ಡಿಗ್ರಿಗೆ ಒಡೆದ ಕವಲು,
ಬಂಡಿಜಾಡು ಊರಿಗೊಂದು ಹೊಲಕ್ಕೊಂದು ಹೋದ ಹಾಗೆ.
ಅಲ್ಲಲ್ಲಿ, ಉದುರಲು ತಯಾರಾದ ಮಣಿಗಳ ತುರುಬು.

ಇದು ಎಲ್ಲಿಂದಲೋ ಬಂದದ್ದಲ್ಲ.
ಅಟ್ಟದ ಮೇಲೆ ವರ್ಷ ಒಣಗುವ ಕಾಯಿಯ ಸಿಪ್ಪೆಯಲ್ಲಿದೆ,
ಮುಚ್ಚಿಟ್ಟು ಮರೆತ ರೊಟ್ಟಿಯಲ್ಲಿ, ತಿಪ್ಪೆಯ ಕಾವಿನಲ್ಲಿ,
ಹಾಸನದ ಬಸ್ ನಿಲ್ದಾಣದ ಧೂಳಿನಲ್ಲಿ,
ಈ ಕೋಣೆಯ ಎ.ಸಿ.ಯ ಹಲ್ಲುಸಂದಿಯಲ್ಲಿ.
ಬೆಳಗಿನಿಂದ ನಾನೂ ನೂರಾರು ಬೀಜ ಉಸಿರಾಡಿದ್ದೇನೆ.
ನನ್ನೊಳಗೆ ಯಾರೋ ಎದ್ದು, ಪೊರಕೆ ಹಿಡಿದು,
ನನಗೆ ಹೇಳದೆಯೇ ಗುಡಿಸಿ ಹಾಕಿದ್ದಾರೆ.
ಅವರ ಹೆಸರು ಪಾಠದಲ್ಲಿ ಓದಿದ್ದೆ,
ಪರಿಚಯವಿಲ್ಲ.

ಮರುಳಪ್ಪನೊಳಗೆ ಅವರನ್ನು ಮಲಗಿಸಿದವರು ನಾವೇ,
ಬೆಳಿಗ್ಗೆ ಇಷ್ಟು, ರಾತ್ರಿ ಇಷ್ಟು ಮಾತ್ರೆ ಕೊಟ್ಟು.
ಇಲ್ಲದಿದ್ದರೆ ಅವರಿಗೆ ಅಕ್ಕನ ಗುರುತು ಹತ್ತುವುದಿಲ್ಲ.
ಒಂದೇ ಹಾಲು ಕುಡಿದದ್ದು, ಒಂದೇ ಕಂಬಳಿ ಎಳೆದಾಡಿದ್ದು
ರಕ್ತದ ಲೆಕ್ಕಕ್ಕಿಲ್ಲ.
ಯಾರು ನೀನು ಎಂದೂ ಕೇಳದೆ ಬಡಿಯುತ್ತಾರೆ.
ಅದಕ್ಕೇ ನಿದ್ದೆ.
ಅಕ್ಕನಿಗೆಂದು ತೆರೆದಿಟ್ಟ ಬಾಗಿಲು;
ಬಾಗಿಲಿಗೇನು, ಅಕ್ಕನೂ ಒಂದೇ ಬೂಷ್ಟೂ ಒಂದೇ.

ಆಕೆ ಶಾಂತವೀರಮ್ಮ, ವಾರ್ಡಿನ ಹೊರಗೆ ಬೆಂಚಿನ ಮೇಲೆ,
ಎಡಪಕ್ಕೆಗೆ ಕೈ ಆನಿಸಿ. ಈಗೀಗ ಅಭ್ಯಾಸವಂತೆ.
ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ
ಒಳಗೆ ಉಂಡೆ ಬಿಟ್ಟಿದೆಯೋ ಕೊಳೆತಿದೆಯೋ ಹೇಳುವವಳು.
ಒಳಗಿನಿಂದ ತಮ್ಮನ ಕೆಮ್ಮು ಕೇಳಿದಾಗಲೆಲ್ಲ
ತಲೆಯನ್ನು ಒಂಚೂರು ವಾರೆ ಮಾಡುತ್ತಿದ್ದಳು.

ವರದಿ ಕೊಡಲು ಹೋದ ನಾನು ಅಲ್ಲೇ ಉಳಿದೆ.
ಮಾತ್ರೆ ಕಮ್ಮಿ ಮಾಡಬೇಕು, ಅಂದರು ಡಾಕ್ಟರು,
ಮಾಡಿದರೆ ನೀವು ಕೊಟ್ಟದ್ದು ಹೋದರೂ ಹೋಗಬಹುದು.
ಆಕೆ ಸುಮಾರು ಹೊತ್ತು ಅವರ ಬೂಟು ನೋಡಿದಳು.
“ಅವನ್ನ ಉಳ್ಸಾಕೆ ಕಿಡ್ನಿ ಕೊಟ್ಟೆ ಸಾಮಿ,
ಕಿಡ್ನಿ ಉಳ್ಸಾಕೆ ಅವನ್ನ ಕೊಡಾಕಾಯ್ತದಾ?”
ಆಮೇಲೆ, ಯಾರಿಗೂ ಅಲ್ಲದ ಹಾಗೆ:
“ಆದ್ರೂ ಚೆನ್ನಾಗ್ ಕೆಲ್ಸ ಮಾಡ್ತಿತ್ತು ಅದು.”

ತಟ್ಟೆಯನ್ನು ಹಬೆಯ ಡಬ್ಬಿಗೆ ಹಾಕಿ
ಇಪ್ಪತ್ತು ನಿಮಿಷ ಕಾದೆ.
ಹಸಿರೆಲ್ಲ ಕರಗಿ ಗಂಜಿಯಾಗಿತ್ತು.
ಒಂದು ತಟ್ಟೆ.
ಹೊನ್ನೇಕಾವಲಿನಲ್ಲಿ ಈಗ ದನವಿಲ್ಲ, ಕಾಯುವವರಿಲ್ಲ,
ಬರೀ ಜಾಲಿ ಎಂದು ಆಕೆ ಹೇಳಿದ್ದು
ಕೈ ತೊಳೆಯುವಾಗ ಯಾಕೋ ನೆನಪಾಯಿತು.

ಮುಂದಿನ ವಾರ ಬಯೋಕೆಮಿಸ್ಟ್ರಿಯಲ್ಲಿ ನನ್ನ ಪಾಳಿ.
ಅವನ ರಕ್ತದ ಚೀಟಿ ಬಂತು, ಊರಿನ ಹೆಸರು ಸರಿಯಿತ್ತು.
ಜ್ವರ ಇಳಿದಿದೆ ಎಂದು ಷರಾದಲ್ಲಿ ಬರೆದಿದ್ದರು.
ಕ್ರಿಯಾಟಿನಿನ್ ಏರಿದೆ ಎಂದು
ನಾನು ಅದರ ಕೆಳಗೆ ಬರೆದೆ.